ಔಟ್‌ಬೋರ್ಡ್ ದೋಣಿಯ ಬ್ಯಾಟರಿ ಪದೇ ಪದೇ ಇಳಿಯುತ್ತಿದೆಯೇ? ಹೊಸದು ಕೊಳ್ಳುವ ಮೊದಲು ಮೀಟರ್ ಹಿಡಿಯಿರಿ

"ಹೋದ ವಾರ ಒಂದೇ ಏಟಿಗೆ ಸ್ಟಾರ್ಟ್ ಆಗಿತ್ತು. ಇವತ್ತು ಕೀ ತಿರುಗಿಸಿದರೆ ಟಕ್ ಅಂತ ಸದ್ದು, ಅಷ್ಟೇ. ಯಾವ ಬ್ಯಾಟರಿ ಕೊಳ್ಳಲಿ?" ಔಟ್‌ಬೋರ್ಡ್ ದೋಣಿ, ಅಂದರೆ ಹಿಂಬದಿಗೆ ಹೊರಗಿನಿಂದ ಎಂಜಿನ್ ಸಿಕ್ಕಿಸಿದ ದೋಣಿ ಇಟ್ಟುಕೊಂಡ ಓದುಗರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಕೇಳಿದವರಲ್ಲಿ ಎಷ್ಟೋ ಮಂದಿ ಅದಾಗಲೇ ಒಂದು ಹೊಸ ಬ್ಯಾಟರಿ ಹಾಕಿಸಿ, ಎರಡನೆಯದಕ್ಕೆ ಸಿದ್ಧರಾಗಿರುತ್ತಾರೆ. ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೂ ಅಷ್ಟೇ. ಸೋರುವ ಜಾಗ ಯಾವುದೆಂದು ತಿಳಿಯಲು ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್ ಮತ್ತು ಕೆಲವು ದಿನಗಳ ಬಿಡುವು ಸಾಕು.

ಬ್ಯಾಟರಿ ಇಳಿಯುವುದಕ್ಕೆ ಮೂರೇ ಮೂಲ. ಒಂದು, ಬ್ಯಾಟರಿಗೇ ವಯಸ್ಸಾಗಿ ಚಾರ್ಜ್ ನಿಲ್ಲುತ್ತಿಲ್ಲ. ಎರಡು, ದೋಣಿ ಕಟ್ಟಿ ಹಾಕಿದಾಗ ಯಾವುದೋ ಉಪಕರಣ ಸದ್ದಿಲ್ಲದೆ ಕರೆಂಟ್ ಕುಡಿಯುತ್ತಿದೆ. ಮೂರು, ಎಂಜಿನ್ ಓಡುವಾಗ ಬ್ಯಾಟರಿ ಸರಿಯಾಗಿ ತುಂಬುತ್ತಿಲ್ಲ. ಇವುಗಳ ಜೊತೆಗೆ ವೇಷ ಹಾಕಿಕೊಂಡು ಬರುವ ನಾಲ್ಕನೆಯದೊಂದಿದೆ: ಕಿಲುಬು ಹಿಡಿದ ಟರ್ಮಿನಲ್, ಅಂದರೆ ಬ್ಯಾಟರಿಯ ಮೇಲೆ ವೈರು ಜೋಡಿಸುವ ಲೋಹದ ಕಂಬ. ಬ್ಯಾಟರಿ ತುಂಬಿದ್ದರೂ ಕರೆಂಟ್ ಎಂಜಿನ್‌ವರೆಗೆ ಹೋಗದೆ, ಇಳಿದ ಬ್ಯಾಟರಿಯಂತೆಯೇ ಟಕ್ ಟಕ್ ಅನ್ನಿಸುತ್ತದೆ.

ಶುರು ಮಾಡುವ ಮುನ್ನ ಒಂದು ಲೆಕ್ಕ. "ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯಿತು" ಎನ್ನುವವರು ಬಹಳ. ಸ್ಟಾರ್ಟರ್ ಮೋಟಾರು 150 ಆಂಪಿಯರ್ ಎಳೆದರೂ ಅದು 3 ಸೆಕೆಂಡಿನ ಕೆಲಸ. ಹಾಗಾಗಿ ಒಂದು ಸ್ಟಾರ್ಟಿಗೆ ಖರ್ಚಾಗುವುದು ಸುಮಾರು 0.12 ಆಂಪಿಯರ್-ಗಂಟೆ. (ಆಂಪಿಯರ್-ಗಂಟೆ ಎಂದರೆ ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದಷ್ಟು ಮೊತ್ತ. ಬ್ಯಾಟರಿಯ ಮೈಮೇಲೆ 70 ಎಂದು ಬರೆದಿರುವುದು ಇದೇ ಲೆಕ್ಕದಲ್ಲಿ.) ಈಗ ಸ್ಟೀರಿಯೋದ ಗಡಿಯಾರದಂಥ ಪುಟ್ಟ ಸಾಮಾನು ಬರೀ 50 ಮಿಲಿ ಆಂಪಿಯರ್, ಅಂದರೆ 0.05 ಆಂಪಿಯರ್ ಎಳೆಯುತ್ತಿದೆ ಎನ್ನಿ. 24 ಗಂಟೆಗೆ 1.2 ಆಂಪಿಯರ್-ಗಂಟೆ ಆಯಿತು. ನೀವು ಮನೆಯಲ್ಲಿ ಮಲಗಿರುವಾಗ ದಿನಕ್ಕೆ ಹತ್ತು ಸಲ ಯಾರೋ ಎಂಜಿನ್ ಸ್ಟಾರ್ಟ್ ಮಾಡಿದಷ್ಟು! ಒಂದು ತಿಂಗಳಿಗೆ 36. ಅಲ್ಲಿಗೆ 70ರ ಬ್ಯಾಟರಿ ಅರ್ಧ ಖಾಲಿ.

ಕೈಯಲ್ಲಿ ಏನೇನಿರಬೇಕು

ಡಿಸಿ ಕರೆಂಟನ್ನು (ಬ್ಯಾಟರಿಯಿಂದ ಒಂದೇ ದಿಕ್ಕಿಗೆ ಹರಿಯುವಂಥದ್ದು) 10 ಆಂಪಿಯರ್‌ವರೆಗೆ ಅಳೆಯಬಲ್ಲ ಡಿಜಿಟಲ್ ಮಲ್ಟಿಮೀಟರ್, ಟರ್ಮಿನಲ್ ನಟ್ಟಿಗೆ ಹೊಂದುವ ಸ್ಪ್ಯಾನರ್, ತಂತಿ ಬ್ರಷ್ ಅಥವಾ ಉಪ್ಪುಕಾಗದ, ಅಡುಗೆ ಸೋಡಾ, ಕಣ್ಣಿಗೆ ಕನ್ನಡಕ, ಎರಡೂ ತುದಿಗೆ ಕ್ಲಿಪ್ ಇರುವ ಒಂದು ಗಿಡ್ಡ ವೈರು. ಮೀಟರ್ ತೋರಿಸಿದ್ದನ್ನು ಬರೆದುಕೊಳ್ಳಲು ಚೀಟಿ, ಪೆನ್ನು. ಮುಚ್ಚಳ ತೆಗೆದು ನೀರು ಹಾಕುವ ಜಾತಿಯ ಬ್ಯಾಟರಿಯಾದರೆ ಹೈಡ್ರೋಮೀಟರ್ ಕೂಡ ಇರಲಿ. ಇದು ಆಸಿಡ್ಡಿನ ಸಾಂದ್ರತೆ ಅಳೆಯುವ ಗಾಜಿನ ಪಿಚಕಾರಿ. ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದೆ ಎನ್ನುವವರು ಅದು ಡಿಸಿ ಅಳೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಅಗ್ಗದವು ಎಷ್ಟೋ ಎಸಿ (ಮನೆಗೆ ಬರುವ ಕರೆಂಟ್) ಮಾತ್ರ ಅಳೆಯುತ್ತವೆ, ದೋಣಿಯಲ್ಲಿ ಸೊನ್ನೆ ತೋರಿಸಿ ನಿಮ್ಮನ್ನು ದಾರಿ ತಪ್ಪಿಸುತ್ತವೆ.

ಎಚ್ಚರಿಕೆಯ ನಾಲ್ಕು ಮಾತು, ಇವನ್ನು ಹಾರಿಸಿ ಓದಬೇಡಿ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ದೋಣಿಯಲ್ಲಿ ಪೆಟ್ರೋಲ್ ಟ್ಯಾಂಕೂ ಇರುತ್ತದೆ. ಹಾಗಾಗಿ ಮುಚ್ಚಳಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಟ್ಟು, ಪೆಟ್ರೋಲ್ ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ. ಉಂಗುರ, ಲೋಹದ ವಾಚು ಬಿಚ್ಚಿಡಿ. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಹೀಗೆ ಮಾಡಿದರೆ ಪಾಸಿಟಿವ್ ನಟ್ಟಿನ ಮೇಲಿರುವ ಸ್ಪ್ಯಾನರ್ ಎಂಜಿನ್ನಿನ ಲೋಹಕ್ಕೆ ತಗುಲಿದರೂ ಕಿಡಿ ಹಾರುವುದಿಲ್ಲ. ನಾಲ್ಕನೆಯದು, ದೋಣಿ ನೀರಿನಲ್ಲಿದ್ದರೆ ಬ್ಯಾಟರಿ ಬಿಚ್ಚಿದ ಹೊತ್ತಿನಲ್ಲಿ ಬಿಲ್ಜ್ ಪಂಪ್ ಕೆಲಸ ಮಾಡುವುದಿಲ್ಲ ಎಂಬುದು ತಲೆಯಲ್ಲಿರಲಿ. ಬಿಲ್ಜ್ ಎಂದರೆ ದೋಣಿಯ ತಳದಲ್ಲಿ ನೀರು ಬಂದು ನಿಲ್ಲುವ ಜಾಗ. ಆ ನೀರನ್ನು ಹೊರಹಾಕುವ ಪಂಪನ್ನು ಬಿಚ್ಚಿಟ್ಟು ಮನೆಗೆ ಹೋದವರ ದೋಣಿ ಮುಳುಗಿದ್ದುಂಟು.

ಹಂತ 1: ಮೀಟರ್‌ಗೂ ಮೊದಲು ಕಣ್ಣು, ಕೈ

ಎರಡೂ ಟರ್ಮಿನಲ್‌ಗಳ ಲಗ್ಗನ್ನು, ಅಂದರೆ ವೈರಿನ ತುದಿಯ ಲೋಹದ ಬಳೆಯನ್ನು ಬೆರಳಿನಿಂದ ಹಿಡಿದು ತಿರುಗಿಸಿ ನೋಡಿ. ಒಂದಿಷ್ಟು ಅಲ್ಲಾಡಿದರೂ ಅದು ಸಡಿಲವೇ. ಕೈಯಿಂದ ಬಿಗಿಯುವ ರೆಕ್ಕೆ ನಟ್ಟುಗಳಿದ್ದರೆ ಇವತ್ತೇ ತೆಗೆದುಹಾಕಿ, ಒಳಗೆ ನೈಲಾನ್ ಬಳೆಯಿರುವ ಲಾಕ್ ನಟ್ಟು ಹಾಕಿ. ಅಲೆಯ ಕುಲುಕಾಟಕ್ಕೆ ರೆಕ್ಕೆ ನಟ್ಟು ಸಡಿಲವಾಗದೆ ಉಳಿಯುವುದಿಲ್ಲ.

ಬಿಳಿ ಅಥವಾ ಹಸಿರು ಪುಡಿ ಕಂಡರೆ ಲಗ್ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಲೋಹ ಹೊಳೆಯುವಂತೆ ಉಜ್ಜಿ, ಒಣಗಿಸಿ, ಬಿಗಿಯಾಗಿ ಕೂರಿಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ನೋಡಿಕೊಳ್ಳಿ. ಗ್ರೀಸ್ ಅಥವಾ ವ್ಯಾಸಲೀನ್ ಹಚ್ಚುವುದು ಬಿಗಿ ಮಾಡಿದ ಮೇಲೆ, ಹೊರಗಿನಿಂದ. ಎರಡು ಲೋಹಗಳ ನಡುವೆ ಬಳಿದು ಬಿಗಿದರೆ ಉದ್ದೇಶವೇ ತಲೆಕೆಳಗಾಗುತ್ತದೆ.

ಬ್ಯಾಟರಿಯ ನೆತ್ತಿಯನ್ನೂ ಒರೆಸಿ. ಉಪ್ಪು, ಧೂಳು, ಆಸಿಡ್ಡಿನ ತೇವ ಸೇರಿ ಆಗುವ ಪದರವೇ ಎರಡು ಟರ್ಮಿನಲ್‌ಗಳ ನಡುವೆ ಸಣ್ಣ ವೈರಿನಂತೆ ಕೆಲಸ ಮಾಡುತ್ತದೆ. ನಂಬಿಕೆಯಾಗದಿದ್ದರೆ ಒರೆಸುವ ಮೊದಲು ಮೀಟರನ್ನು ಡಿಸಿ ವೋಲ್ಟಿಗಿಟ್ಟು, ಕಪ್ಪು ಮೊನೆ ನೆಗೆಟಿವ್ ಕಂಬಕ್ಕೆ ತಾಗಿಸಿ, ಕೆಂಪು ಮೊನೆಯನ್ನು ಪ್ಲಾಸ್ಟಿಕ್ ನೆತ್ತಿಯ ಮೇಲೆ ಎಳೆದಾಡಿಸಿ. ಅಂಕಿ ಏರುವುದು ಕಾಣುತ್ತದೆ. ಬರೀ ಪ್ಲಾಸ್ಟಿಕ್ ಮೇಲೆ ವೋಲ್ಟೇಜ್!

ಹಂತ 2: ಬ್ಯಾಟರಿ ಸರಿಯಿದೆಯೇ?

ಮೊದಲು ದಡದ ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿ. ನಂತರ ಎರಡೂ ವೈರು ಬಿಚ್ಚಿ ಒಂದು ರಾತ್ರಿ ಸುಮ್ಮನೆ ಬಿಡಿ. ಚಾರ್ಜರ್ ತೆಗೆದ ತಕ್ಷಣ ಅಳೆದರೆ 13ರ ಮೇಲೆ ತೋರಿಸುತ್ತದೆ. ಹಾಲು ಕಾಯಿಸುವಾಗ ಉಕ್ಕಿ ಬಂದ ನೊರೆಯ ಹಾಗೆ ಅದು, ಅಸಲಿ ಮಟ್ಟ ಅಲ್ಲ. ಮರುದಿನ ಬೆಳಗ್ಗೆ ಅಳೆಯಿರಿ. 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿಗೆ 12.6 ಅಥವಾ 12.7 ಇದ್ದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. ಗಮನಿಸಿ: "12 ಇದೆಯಲ್ಲ, 12 ವೋಲ್ಟಿನ ಬ್ಯಾಟರಿ ತಾನೇ" ಎಂದು ಸಮಾಧಾನಪಟ್ಟುಕೊಳ್ಳುವವರ ಬ್ಯಾಟರಿ ಮುಕ್ಕಾಲು ಪಾಲು ಖಾಲಿಯಾಗಿರುತ್ತದೆ.

ವೈರು ಬಿಚ್ಚಿಟ್ಟೇ ಇನ್ನೂ ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ. ಯಾವುದಕ್ಕೂ ಜೋಡಿಸದೆಯೇ 12.6ರಿಂದ 12.3ಕ್ಕೆ ಜಾರಿದರೆ ಕಳ್ಳ ಬ್ಯಾಟರಿಯ ಒಳಗೇ ಇದ್ದಾನೆ, ದೋಣಿಯ ವೈರಿಂಗ್ ಮೇಲೆ ಅನುಮಾನ ಬೇಡ. ಆರೋಗ್ಯವಾಗಿರುವ ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದು ತಿಂಗಳಿಗೆ ಶೇಕಡ ಕೆಲವೇ ಅಂಶ. ಸೆಕೆ ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ.

ಮುಚ್ಚಳವಿರುವ ಬ್ಯಾಟರಿಯಲ್ಲಿ ಆರೂ ಕೋಶಗಳನ್ನು ಹೈಡ್ರೋಮೀಟರ್‌ನಿಂದ ಅಳೆಯಿರಿ. ತುಂಬಿದ ಕೋಶ 1.265ರ ಆಸುಪಾಸು ತೋರಿಸಬೇಕು. ಐದು ಚೆನ್ನಾಗಿದ್ದು ಒಂದು ಮಾತ್ರ 0.050ಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಕೋಶ ಸತ್ತಿದೆ, ಬ್ಯಾಟರಿ ಬದಲಿಸುವುದೊಂದೇ ದಾರಿ. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಸಮುದ್ರದ ನೀರಿನ ಹನಿಯೂ ಒಳಗೆ ಹೋಗಬಾರದು. ಆಸಿಡ್ ಜೊತೆ ಉಪ್ಪುನೀರು ಸೇರಿದರೆ ಕ್ಲೋರಿನ್ ಎಂಬ ವಿಷಗಾಳಿ ಹುಟ್ಟುತ್ತದೆ.

ಕೊನೆಗೆ ಭಾರ ಹೊರಿಸಿ ನೋಡುವುದು. ಬ್ಯಾಟರಿ ಜೋಡಿಸಿ, ಮೀಟರ್ ಮೊನೆಗಳನ್ನು ಎರಡು ಕಂಬಗಳಿಗೆ ಹಿಡಿದು, ಇನ್ನೊಬ್ಬರಿಗೆ ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ. ವೋಲ್ಟೇಜ್ 10ರ ಮೇಲೆ ನಿಂತರೆ ಚೆನ್ನ. 9.6ಕ್ಕಿಂತ ಕೆಳಗೆ ಬಿದ್ದರೆ, ತುಂಬಿಸಿದ್ದ ಬ್ಯಾಟರಿಯಾದರೂ ಅದರ ಶಕ್ತಿ ಉಡುಗಿದೆ. ದೋಣಿ ದಡದ ಮೇಲಿದ್ದರೆ ಎಂಜಿನ್ ಓಡಲು ಬಿಡಬೇಡಿ. ತಂಪು ನೀರಿಲ್ಲದೆ ಓಡಿದರೆ ನೀರಿನ ಪಂಪಿನ ರಬ್ಬರ್ ಚಕ್ರ ನೋಡನೋಡುತ್ತಲೇ ಹಾಳಾಗುತ್ತದೆ.

ಹಂತ 3: ಮಲಗಿರುವ ದೋಣಿ ಎಷ್ಟು ಕುಡಿಯುತ್ತಿದೆ?

ಇದೇ ಮುಖ್ಯ ಹಂತ, ಅತಿ ಹೆಚ್ಚು ಜನ ಮೀಟರ್ ಸುಟ್ಟುಕೊಳ್ಳುವುದೂ ಇಲ್ಲೇ. ಹಾಗಾಗಿ ನಿಧಾನವಾಗಿ ಹೋಗೋಣ.

ಕೀ ತೆಗೆಯಿರಿ, ಎಲ್ಲ ಸ್ವಿಚ್‌ಗಳನ್ನೂ ಆರಿಸಿ. ನೆಗೆಟಿವ್ ಕಂಬದಿಂದ ವೈರು ಬಿಚ್ಚಿ. ಅಲ್ಲಿ ಒಂದಕ್ಕಿಂತ ಹೆಚ್ಚು ವೈರುಗಳಿದ್ದರೆ ಎಲ್ಲವನ್ನೂ ಬಿಚ್ಚಿ, ಒಂದು ಬೋಲ್ಟ್ ತೂರಿಸಿ ಒಟ್ಟಿಗೆ ಕಟ್ಟಿ. ಒಂದನ್ನು ಕಂಬದಲ್ಲೇ ಉಳಿಸಿದರೆ ಕರೆಂಟ್ ಆ ಕಡೆಯಿಂದ ಹರಿದುಹೋಗಿ, ಮೀಟರ್ "ಸೋರಿಕೆ ಇಲ್ಲ" ಎಂದು ಸುಳ್ಳು ಹೇಳುತ್ತದೆ.

ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ಎಂದು ಬರೆದಿರುವ ತೂತಿಗೆ ಬದಲಿಸಿ, ಗುಂಡಿಯನ್ನು ಡಿಸಿ ಆಂಪಿಯರ್‌ಗೆ ತಿರುಗಿಸಿ. ಈಗ ಕೆಂಪು ಮೊನೆ ಬಿಚ್ಚಿದ ವೈರಿಗೆ, ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. ವೈರು ಮತ್ತು ಕಂಬದ ನಡುವೆ ಮೀಟರ್ ಸೇತುವೆಯಾಗಿ ಕೂರಬೇಕು. ಈ ಸ್ಥಿತಿಯಲ್ಲಿ ಮೀಟರನ್ನು ಪಾಸಿಟಿವ್‌ಗೂ ನೆಗೆಟಿವ್‌ಗೂ ಅಡ್ಡಲಾಗಿ ಹಿಡಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್. ಮೀಟರ್ ಜೋಡಿಸಿಕೊಂಡೇ ಸೆಲ್ಫ್ ಹೊಡೆಯುವುದಾಗಲಿ, ಎಂಜಿನ್ ಮೇಲೆತ್ತುವ ಟಿಲ್ಟ್ ಬಟನ್ ಒತ್ತುವುದಾಗಲಿ ಸಲ್ಲದು. ಅಷ್ಟು ಕರೆಂಟಿಗೆ ಮೀಟರಿನ ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದ ಅಗ್ಗದ ಮೀಟರ್ ಕೈಯಲ್ಲೇ ಸುಡುತ್ತದೆ.

ಜೋಡಿಸಿದ ಕೂಡಲೇ ಅಂಕಿ ಮೇಲೆ ಹಾರಬಹುದು. ಎಲೆಕ್ಟ್ರಾನಿಕ್ ಉಪಕರಣಗಳು ಎಚ್ಚೆತ್ತು ಮತ್ತೆ ಮಲಗಲು ಸಮಯ ಬೇಕು. ಐದಾರು ನಿಮಿಷ ಕಾಯಿರಿ. ಗಿಡ್ಡ ಕ್ಲಿಪ್ ವೈರು ಬೇಕೆಂದದ್ದು ಇದಕ್ಕೇ: ಕಂಬಕ್ಕೂ ಬಿಚ್ಚಿದ ವೈರಿಗೂ ಅದನ್ನು ಮೊದಲೇ ಹಾಕಿಟ್ಟು, ಮೀಟರ್ ಮೊನೆಗಳನ್ನು ಕೂರಿಸಿ, ಕಾದು, ಆಮೇಲೆ ಕ್ಲಿಪ್ ತೆಗೆದರೆ ಮೊದಲ ಹೊಡೆತ ಮೀಟರಿಗೆ ಬೀಳುವುದಿಲ್ಲ.

ಮೆಯಿನ್ ಸ್ವಿಚ್ ಇರುವ ದೋಣಿಯಲ್ಲಿ ಎರಡು ಸಲ ಅಳೆಯಿರಿ, ಸ್ವಿಚ್ ಆರಿಸಿ ಒಮ್ಮೆ, ಹಾಕಿ ಒಮ್ಮೆ. ಆರಿಸಿದಾಗ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಹಾಕಿದಾಗ 20ರಿಂದ 30 ಮಿಲಿ ಆಂಪಿಯರ್ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 50 ದಾಟಿದರೆ ಹುಡುಕಬೇಕು. 200, 300 ಎಂದರೆ ಯಾವುದೋ ಒಂದು ಉಪಕರಣ ನಿಜಕ್ಕೂ ಹೊತ್ತಿಕೊಂಡೇ ಇದೆ. ಮೀಟರ್ 0.05 ಎಂದು ತೋರಿಸಿದರೆ ಅದು 50 ಮಿಲಿ ಆಂಪಿಯರ್. ಸೊನ್ನೆಗಳನ್ನು ನೋಡಿ ಹಗುರವಾಗಿ ತೆಗೆದುಕೊಳ್ಳಬೇಡಿ.

ಈಗ ಬೇಟೆ. ಮೀಟರ್ ಕಾಣುವಂತೆ ಇಟ್ಟುಕೊಂಡು ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ, ಅಂಕಿ ಇಳಿಯದಿದ್ದರೆ ಅದನ್ನು ವಾಪಸ್ಸು ಹಾಕಿ ಮುಂದಿನದಕ್ಕೆ ಹೋಗಿ. ಯಾವ ಫ್ಯೂಸ್ ತೆಗೆದಾಗ ಅಂಕಿ ಧಪ್ಪನೆ ಬೀಳುತ್ತದೋ ಸೋರಿಕೆ ಆ ದಾರಿಯಲ್ಲಿದೆ. ಅನುಭವದಿಂದ ಹೇಳುವುದಾದರೆ ಸಿಕ್ಕಿಬೀಳುವವರು ಹೆಚ್ಚಾಗಿ ಇವರೇ: ನೆನಪು ಉಳಿಸಿಕೊಳ್ಳಲು ಸದಾ ಕರೆಂಟ್ ಬೇಡುವ ಸ್ಟೀರಿಯೋ, ಬಟನ್ ಒತ್ತಿ ಆರಿಸಿದರೂ ಅರೆನಿದ್ದೆಯಲ್ಲಿರುವ ಫಿಶ್‌ಫೈಂಡರ್ (ನೀರಿನಡಿಯ ಮೀನು ತೋರಿಸುವ ಉಪಕರಣ), ಜಿಪಿಎಸ್ ಟ್ರ್ಯಾಕರ್, ನೀಲಿ ದೀಪವಿರುವ ಯುಎಸ್‌ಬಿ ಸಾಕೆಟ್. ನಾನೇ ಒಮ್ಮೆ ಎರಡು ದಿನ ಎಂಜಿನ್ ವೈರಿಂಗ್ ಕೆದಕಿದ ಮೇಲೆ ಸಿಕ್ಕಿದ್ದು, ಬ್ಯಾಟರಿ ವೋಲ್ಟೇಜ್ ತೋರಿಸಲೆಂದೇ ಹಾಕಿಸಿಕೊಂಡಿದ್ದ ಪುಟ್ಟ ಡಿಸ್‌ಪ್ಲೇ. ಬ್ಯಾಟರಿ ಇಳಿಯುತ್ತಿರುವುದನ್ನು ರಾತ್ರಿಯಿಡೀ ತೋರಿಸುತ್ತ, ತಾನೇ ಇಳಿಸುತ್ತಿತ್ತು.

ಎಲ್ಲ ಫ್ಯೂಸ್ ತೆಗೆದರೂ ಅಂಕಿ ಅಲ್ಲಾಡಲಿಲ್ಲವೇ? ಹಾಗಾದರೆ ಫ್ಯೂಸ್ ಪೆಟ್ಟಿಗೆಗೆ ಬಾರದೆ ನೇರವಾಗಿ ಬ್ಯಾಟರಿಗೆ ಜೋಡಿಸಿದ ವೈರುಗಳನ್ನು ನೋಡಿ. ಪಾಸಿಟಿವ್ ಕಂಬದ ಮೇಲಿರುವ ವೈರುಗಳನ್ನು ಒಂದೊಂದಾಗಿ ಬಿಚ್ಚಿ. ಬಿಲ್ಜ್ ಪಂಪಿನ ವೈರು ಬಿಚ್ಚಿದಾಗ ಸೋರಿಕೆ ನಿಂತರೆ ಅದರ ಫ್ಲೋಟ್ ಸ್ವಿಚ್ ನೋಡಿ. ನೀರೇರಿದಾಗ ತೇಲಿ ಪಂಪ್ ಹಾಕುವ, ಇಳಿದಾಗ ಆರಿಸುವ ಕೀಲು ಅದು. ಬಲೆಯ ನೂಲು, ಕಸ, ಎಣ್ಣೆಜಿಡ್ಡು ಸಿಕ್ಕಿ ಮೇಲೆಯೇ ನಿಂತುಬಿಟ್ಟರೆ ನೀರಿಲ್ಲದ ತಳದಲ್ಲಿ ಪಂಪ್ ತಿರುಗುತ್ತಲೇ ಇರುತ್ತದೆ. 3 ಆಂಪಿಯರ್ ಎಳೆಯುವ ಪಂಪು ತುಂಬಿದ 70ರ ಬ್ಯಾಟರಿಯನ್ನು ಒಂದೇ ದಿನದಲ್ಲಿ ನೆಲಕಚ್ಚಿಸುತ್ತದೆ. ಕೆಲವು ಸ್ವಯಂಚಾಲಿತ ಪಂಪುಗಳಿಗೆ ಫ್ಲೋಟ್ ಇರುವುದಿಲ್ಲ, ಆಗಾಗ ಒಂದು ಕ್ಷಣ ತಿರುಗಿ ನೀರಿದೆಯೇ ಎಂದು ತಾವೇ ನೋಡಿಕೊಳ್ಳುತ್ತವೆ. ಮೀಟರಿನ ಅಂಕಿ ಆಗಾಗ ಜಿಗಿದು ಮತ್ತೆ ಕೂತರೆ ಗಾಬರಿಯಾಗಬೇಡಿ, ಅದು ಆ ಪಂಪಿನ ಉಸಿರಾಟ.

ಪಂಪ್ ಪದೇ ಪದೇ ನಿಜವಾಗಿಯೇ ನೀರು ಹೊರಹಾಕುತ್ತಿದ್ದರೆ? ಆಗ ಸೋರುತ್ತಿರುವುದು ಕರೆಂಟ್ ಅಲ್ಲ, ದೋಣಿ. ಈ ಲೇಖನ ಬದಿಗಿಟ್ಟು ತೂತು ಹುಡುಕಿ.

ಎಂಜಿನ್ನಿನ ದಪ್ಪ ಕೆಂಪು ವೈರು ಬಿಚ್ಚಿದಾಗ ಸೋರಿಕೆ ನಿಂತರೆ ಸಂಶಯ ಮೂರು ಕಡೆ. ಮೊದಲನೆಯದು ರೆಕ್ಟಿಫೈಯರ್. ಎಂಜಿನ್ನಿನ ಕಾಯಿಲ್ ಹುಟ್ಟಿಸುವ ಎಸಿ ಕರೆಂಟನ್ನು ಬ್ಯಾಟರಿಗೆ ಒಪ್ಪುವ ಡಿಸಿ ಮಾಡುವ ಡಬ್ಬಿ ಇದು. ಒಳಗಿನ ಡಯೋಡ್ ಕೆಟ್ಟರೆ ಏಕಮುಖ ರಸ್ತೆ ದ್ವಿಮುಖವಾಗಿ, ಎಂಜಿನ್ ನಿಂತಾಗ ಕರೆಂಟ್ ವಾಪಸ್ಸು ಹರಿಯುತ್ತದೆ. ಎಂಜಿನ್ ನಿಂತಿರುವಾಗ ರೆಕ್ಟಿಫೈಯರ್‌ನ ಕೆಂಪು ವೈರು ಬಿಚ್ಚಿ ಅಂಕಿ ನೋಡಿದರೆ ತಿಳಿಯುತ್ತದೆ. ಎರಡನೆಯದು ಟಿಲ್ಟ್ ಮೋಟಾರಿನ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು; ಅದು ಅಂಟಿಕೊಂಡಿರಬಹುದು. ಮೂರನೆಯದು ಕೀ ಸ್ವಿಚ್. ಉಪ್ಪುನೀರು ಹೊಕ್ಕ ಕೀ ಸ್ವಿಚ್ಚಿನ ಹಿಂಭಾಗದಲ್ಲಿ ಕಿಲುಬೇ ಸೇತುವೆ ಕಟ್ಟಿರುತ್ತದೆ.

ಕೆಲವು ಸೋರಿಕೆಗಳು ಒಣಗಿದ ದೋಣಿಯಲ್ಲಿ ಕಾಣುವುದೇ ಇಲ್ಲ. ದಡದ ಮೇಲೆ ಸೊನ್ನೆ, ನೀರಿಗಿಳಿಸಿದ ವಾರದಲ್ಲಿ ಬ್ಯಾಟರಿ ಖಾಲಿ. ಹೀಗಾದರೆ ತಳದ ನೀರಿನಲ್ಲಿ ನೆನೆಯುವ ವೈರಿನ ಗಂಟುಗಳನ್ನು ಹುಡುಕಿ. ಟೇಪು ಸುತ್ತಿದ ಗಂಟು ಬಿಚ್ಚಿದರೆ ತಾಮ್ರ ಹಸಿರು ಪುಡಿಯಾಗಿರುತ್ತದೆ. ಇದನ್ನು ಬ್ಯಾಟರಿಯ ಸಮಸ್ಯೆ ಎಂದಷ್ಟೇ ನೋಡಬೇಡಿ. ಪಾಸಿಟಿವ್ ವೈರಿನಿಂದ ನೀರಿಗೆ ಹರಿಯುವ ಕರೆಂಟ್ ಹತ್ತಿರದ ಲೋಹವನ್ನು ತಿನ್ನುತ್ತದೆ, ಎಂಜಿನ್ನಿನ ಕೆಳಭಾಗಕ್ಕೆ ಹಾಕಿದ ಸತುವಿನ ತುಂಡುಗಳು ಅಕಾಲದಲ್ಲಿ ಕರಗುತ್ತವೆ.

ಅಳತೆ ಮುಗಿದ ಕೂಡಲೇ ಮೀಟರಿನ ಕೆಂಪು ವೈರನ್ನು ಮತ್ತೆ ವೋಲ್ಟ್ ತೂತಿಗೆ ಹಾಕಿ. ಈಗಲೇ. ಮರೆತು ಮುಂದಿನ ಹಂತದಲ್ಲಿ ವೋಲ್ಟೇಜ್ ಅಳೆಯಲು ಹೋದವರೇ ಮೀಟರ್ ಸುಟ್ಟುಕೊಂಡವರಲ್ಲಿ ಹೆಚ್ಚು.

ಹಂತ 4: ಎಂಜಿನ್ ತುಂಬಿಸುತ್ತಿದೆಯೇ?

ದೋಣಿ ನೀರಿನಲ್ಲಿರಲಿ, ಇಲ್ಲವೇ ಎಂಜಿನ್ನಿಗೆ ಪೈಪಿನಿಂದ ನೀರು ಕೊಡುವ ವ್ಯವಸ್ಥೆಯಿರಲಿ. ಎಂಜಿನ್ ನಿಂತಾಗಿನ ವೋಲ್ಟೇಜ್ ಬರೆದುಕೊಳ್ಳಿ. ಸ್ಟಾರ್ಟ್ ಮಾಡಿ, ವೇಗ ಸ್ವಲ್ಪ ಏರಿಸಿ, ಬ್ಯಾಟರಿ ಕಂಬಗಳಲ್ಲೇ ಅಳೆಯಿರಿ. 13.5ರಿಂದ 14.5ರ ನಡುವೆ ಬಂದರೆ ಚಾರ್ಜಿಂಗ್ ನಡೆಯುತ್ತಿದೆ. 12.5 ಇದ್ದದ್ದು 12.5ರಲ್ಲೇ ನಿಂತಿದ್ದರೆ ಎಂಜಿನ್ನಿನ ಫ್ಯೂಸ್, ರೆಕ್ಟಿಫೈಯರ್, ಕಾಯಿಲ್ ಈ ಕ್ರಮದಲ್ಲಿ ನೋಡಿ. 15 ದಾಟಿದರೆ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ ಅಥವಾ ಹಳೆಯ ಸಣ್ಣ ಎಂಜಿನ್ನಿನಲ್ಲಿ ಅದು ಇರುವುದೇ ಇಲ್ಲ. ಅಂಥ ಕಡೆ ಬ್ಯಾಟರಿಯ ನೀರು ಬೇಗ ಆರುತ್ತದೆ.

ಓಡುವ ಎಂಜಿನ್ನಿನಿಂದ ಬ್ಯಾಟರಿ ವೈರು ಬಿಚ್ಚಿ "ಚಾರ್ಜ್ ಆಗುತ್ತಿದೆಯಾ ನೋಡೋಣ" ಎನ್ನುವ ಹಳೇ ಪದ್ಧತಿಯೊಂದಿದೆ. ದಯವಿಟ್ಟು ಬೇಡ. ಹೋಗಲು ಜಾಗವಿಲ್ಲದ ವೋಲ್ಟೇಜ್ ಒಮ್ಮೆಲೇ ಏರಿ ರೆಕ್ಟಿಫೈಯರ್ ಸುಡುತ್ತದೆ. ಓಡುತ್ತಿರುವಾಗ ಮೆಯಿನ್ ಸ್ವಿಚ್ ಆರಿಸುವುದೂ ಅದೇ ತಪ್ಪು. ಪಾಸಿಟಿವ್, ನೆಗೆಟಿವ್ ಅದಲುಬದಲು ಜೋಡಿಸಿದರಂತೂ ಒಂದು ಕ್ಷಣವೇ ಸಾಕು.

ಎಲ್ಲವೂ ಸರಿಯಿದ್ದೂ ಬ್ಯಾಟರಿ ಇಳಿಯುವುದುಂಟು. ಇದು ಬರೀ ಜಮಾ-ಖರ್ಚಿನ ತೊಂದರೆ. ಔಟ್‌ಬೋರ್ಡಿನ ಕಾಯಿಲ್ ಕಾರಿನ ಆಲ್ಟರ್ನೇಟರ್‌ನಂತಲ್ಲ. ಸಣ್ಣ ಎಂಜಿನ್ 5, 6 ಆಂಪಿಯರ್, ಮಧ್ಯಮದ್ದು 10ರಿಂದ 15 ಕೊಡಬಹುದು, ಅದೂ ಪೂರ್ತಿ ವೇಗದಲ್ಲಿ. ನಿಧಾನಕ್ಕೆ ಓಡುವಾಗ ಅದರ ಒಂದು ಪಾಲು ಮಾತ್ರ. ಈಗ ನಿಮ್ಮ ಒಂದು ದಿನದ ಮೀನುಗಾರಿಕೆ ನೋಡಿ. ಫಿಶ್‌ಫೈಂಡರ್ 1, ಮೀನು ಜೀವಂತವಿಡುವ ತೊಟ್ಟಿಯ ಪಂಪ್ 3, ಸ್ಟೀರಿಯೋ 2, ದೀಪ 1, ಒಟ್ಟು 7 ಆಂಪಿಯರ್. ಲಂಗರು ಹಾಕಿ 6 ಗಂಟೆ ಕೂತರೆ 42 ಆಂಪಿಯರ್-ಗಂಟೆ ಖರ್ಚು. ಹೋಗಿಬರಲು ಒಂದು ಗಂಟೆ ಓಡಿಸಿದಿರಿ, ಎಂಜಿನ್ 10 ಕೊಟ್ಟಿತು, ಅದರಲ್ಲಿ 7 ಅದೇ ಉಪಕರಣಗಳಿಗೆ ಹೋಯಿತು. ಬ್ಯಾಟರಿಗೆ ಸೇರಿದ್ದು 3. ಇಂಥ ದೋಣಿಗೆ ಎಷ್ಟೇ ಒಳ್ಳೆಯ ಬ್ಯಾಟರಿ ಹಾಕಿದರೂ ಎರಡನೇ ದಿನಕ್ಕೆ ಕೈಕೊಡುತ್ತದೆ. ನಿಮ್ಮ ಉಪಕರಣಗಳ ಮೇಲೆ ಬರೆದಿರುವ ಅಂಕಿಗಳನ್ನು ಕೂಡಿ ನೋಡಿ. ವಾಟ್‌ನಲ್ಲಿ ಬರೆದಿದ್ದರೆ 12ರಿಂದ ಭಾಗಿಸಿ.

ಇನ್ನೊಂದು ಮಾತು. ಕೈಹಗ್ಗ ಎಳೆದು ಸ್ಟಾರ್ಟ್ ಮಾಡುವ ಕೆಲವು ಸಣ್ಣ ಎಂಜಿನ್‌ಗಳಿಗೆ ಚಾರ್ಜಿಂಗ್ ಕಾಯಿಲ್ಲೇ ಇರುವುದಿಲ್ಲ. ಇಲ್ಲದ ಚಾರ್ಜಿಂಗನ್ನು ರಿಪೇರಿ ಮಾಡಲು ಹೊರಡುವ ಮುನ್ನ ಎಂಜಿನ್ನಿನ ಕೈಪಿಡಿ ತೆರೆಯಿರಿ.

ಹಂತ 5: ತುಂಬಿದ್ದರೂ ತಿರುಗದಿದ್ದರೆ

ಮೇಲಿನ ಮೂರೂ ಪರೀಕ್ಷೆಯಲ್ಲಿ ಪಾಸಾದರೂ ಸೆಲ್ಫ್ ನಿಧಾನಕ್ಕೆ ಗುಂಯ್‌ಗುಡುತ್ತಿದ್ದರೆ ವೈರಿನ ದಾರಿಯಲ್ಲೇ ತಡೆಯಿದೆ. ಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಒಂದು ಮೊನೆ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ (ಲಗ್ಗಿಗಲ್ಲ, ಸೀಸದ ಕಂಬಕ್ಕೇ), ಇನ್ನೊಂದು ಸ್ಟಾರ್ಟರ್ ಮೋಟಾರಿನ ಬೋಲ್ಟಿಗೆ. ಸೆಲ್ಫ್ ಹೊಡೆಯುವಾಗ ಬರುವ ಅಂಕಿ ದಾರಿಯಲ್ಲಿ ಕಳೆದುಹೋದ ವೋಲ್ಟೇಜು. ಅರ್ಧ ವೋಲ್ಟ್ ದಾಟಬಾರದು. ನೆಗೆಟಿವ್ ಕಂಬ ಮತ್ತು ಎಂಜಿನ್ನಿನ ಲೋಹದ ಮೈ ನಡುವೆಯೂ ಹಾಗೆಯೇ ನೋಡಿ. ಹೆಚ್ಚು ಬಂದ ಕಡೆ ಮೊನೆಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ಸರಿಸುತ್ತ ಬಂದರೆ ಅಂಕಿ ಯಾವ ಜೋಡಣೆಯಲ್ಲಿ ಬೀಳುತ್ತದೋ ಕಿಲುಬು ಅಲ್ಲೇ.

ಹಂತ 6: ಮತ್ತೆ ಇಳಿಯದಂತೆ

ಮೆಯಿನ್ ಸ್ವಿಚ್ ಇಲ್ಲದಿದ್ದರೆ ಹಾಕಿಸಿ. ಹೋಗುವಾಗ ಅದೊಂದನ್ನು ಆರಿಸಿದರೆ ಅರ್ಧ ಲೇಖನ ನಿಮಗೆ ಬೇಕಾಗುವುದಿಲ್ಲ. ನೀರಿನಲ್ಲಿ ನಿಲ್ಲುವ ದೋಣಿಯಲ್ಲಿ ಬಿಲ್ಜ್ ಪಂಪಿನ ಸ್ವಯಂಚಾಲಿತ ವೈರು ಮಾತ್ರ ಸ್ವಿಚ್ಚಿಗಿಂತ ಮೊದಲೇ, ಬ್ಯಾಟರಿಯ ಪಕ್ಕದಲ್ಲೇ ತನ್ನದೇ ಫ್ಯೂಸ್ ಹೊತ್ತು ಇರಬೇಕು. ಸ್ಟೀರಿಯೋದ ನೆನಪಿನ ವೈರಿಗೆ ಆ ಗೌರವ ಬೇಡ. ಹಾಡಿನ ಚಾನೆಲ್ ಮತ್ತೆ ಹುಡುಕಿಕೊಳ್ಳಬಹುದು.

ಲಂಗರು ಹಾಕಿ ಗಂಟೆಗಟ್ಟಲೆ ಕೂರುವವರಿಗೆ ಎರಡು ಬ್ಯಾಟರಿ ಬೇಕು: ಸ್ಟಾರ್ಟಿಗೆ ಒಂದು, ಉಪಕರಣಗಳಿಗೆ ಒಂದು. ಸ್ಟಾರ್ಟಿಂಗ್ ಬ್ಯಾಟರಿ ಕ್ಷಣಮಾತ್ರ ದೊಡ್ಡ ಕರೆಂಟ್ ಕೊಡಲು ತೆಳು ತಗಡುಗಳಿಂದ ಮಾಡಿದ್ದು, ಪದೇ ಪದೇ ಅರ್ಧಕ್ಕಿಳಿಸಿದರೆ ಬೇಗ ಸಾಯುತ್ತದೆ. ಉಪಕರಣಗಳಿಗೆ ದಪ್ಪ ತಗಡಿನ ಡೀಪ್ ಸೈಕಲ್ ಬ್ಯಾಟರಿ ಇರಲಿ. ಎರಡರ ನಡುವೆ ವೋಲ್ಟೇಜ್ ನೋಡಿ ಕೂಡಿಸಿ ಬಿಡಿಸುವ ರಿಲೇ ಹಾಕಿದರೆ, ಎಂಜಿನ್ ಓಡುವಾಗ ಎರಡೂ ತುಂಬುತ್ತವೆ, ನಿಂತಾಗ ತಾನಾಗಿ ಬೇರೆಯಾಗುತ್ತವೆ. ಕೈಯಿಂದ ತಿರುಗಿಸುವ ಎರಡು ಬ್ಯಾಟರಿ ಸ್ವಿಚ್ ಕೆಟ್ಟದ್ದೇನಲ್ಲ, ಆದರೆ "ಎರಡೂ" ಎಂಬಲ್ಲಿ ಬಿಟ್ಟು ಮರೆಯುವುದೇ ಅದರ ಬಳಕೆದಾರರ ಸ್ವಭಾವ. ಆಗ ಎರಡೂ ಒಟ್ಟಿಗೆ ಮಲಗುತ್ತವೆ.

ಪೂರ್ತಿ ಇಳಿದ ಬ್ಯಾಟರಿಯನ್ನು ಎಂಜಿನ್ನಿನಿಂದ ತುಂಬಿಸಲು ಹೋಗಬೇಡಿ. ರೆಕ್ಟಿಫೈಯರ್ ಬಿಸಿಯಾಗುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ. ದಡಕ್ಕೆ ತಂದು ಚಾರ್ಜರ್ ಹಾಕಿ, ಅದೂ ಬೇಗ. ಇಳಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ತಗಡುಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಮತ್ತೆ ಪೂರ್ತಿ ಏಳುವುದೇ ಇಲ್ಲ.

ದಡದಲ್ಲಿ ಕರೆಂಟ್ ಸೌಲಭ್ಯವಿಲ್ಲದೆ ದೋಣಿ ನಿಲ್ಲಿಸುವವರಿಗೆ 10, 20 ವಾಟಿನ ಸೋಲಾರ್ ಫಲಕ ಬಹಳ ಉಪಕಾರಿ. ಸಣ್ಣ ಸೋರಿಕೆ, ಪಂಪಿನ ಆಗಾಗಿನ ಖರ್ಚನ್ನು ಅದೇ ಸರಿದೂಗಿಸುತ್ತದೆ. ನಡುವೆ, ಬ್ಯಾಟರಿ ಅತಿಯಾಗಿ ತುಂಬದಂತೆ ತಡೆಯುವ ಚಾರ್ಜ್ ಕಂಟ್ರೋಲರ್ ಇರಲೇಬೇಕು, ಇಲ್ಲದಿದ್ದರೆ ಬ್ಯಾಟರಿ ಬೇಯುತ್ತದೆ.

ಲಿಥಿಯಂ ಬ್ಯಾಟರಿ ಹಾಕಲೇ ಎಂದು ಕೇಳುವವರಿಗೆ: ಎಂಜಿನ್ ತಯಾರಕರು ಒಪ್ಪಿದ್ದರೆ ಮಾತ್ರ. ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಓಡುತ್ತಿರುವಾಗ ಸಂಪರ್ಕ ಕಡಿದರೆ, ಬ್ಯಾಟರಿ ವೈರು ಬಿಚ್ಚಿದಂತೆಯೇ ಆಗಿ ರೆಕ್ಟಿಫೈಯರ್ ಹೋಗುತ್ತದೆ. ಮೇಲೆ ಕೊಟ್ಟ ವೋಲ್ಟೇಜ್ ಲೆಕ್ಕವೂ ಲಿಥಿಯಂಗೆ ಒಪ್ಪುವುದಿಲ್ಲ. ಬಹುಪಾಲು ಖಾಲಿಯಾಗುವವರೆಗೂ ಅದು 13ರ ಮೇಲೆಯೇ ನಿಂತಿರುತ್ತದೆ.

ವೈರಿಂಗ್ ಬದಲಿಸುವುದಾದರೆ ತವರ ಲೇಪಿಸಿದ ತಾಮ್ರದ ವೈರು ಹಾಕಿಸಿ. ಗಂಟುಗಳನ್ನು ಬಿಸಿಮಾಡಿದರೆ ಕುಗ್ಗಿ ಅಂಟಿಕೊಳ್ಳುವ ಕೊಳವೆಯಿಂದ ಮುಚ್ಚಿಸಿ, ತಳದ ನೀರು ಮುಟ್ಟದ ಎತ್ತರಕ್ಕೆ ಕಟ್ಟಿಸಿ. ತಿರುಚಿ ಟೇಪು ಸುತ್ತಿದ ಗಂಟು ಉಪ್ಪುಗಾಳಿಯಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ.

ತಿಂಗಳುಗಟ್ಟಲೆ ದೋಣಿ ದಡ ಸೇರುವ ಕಾಲದಲ್ಲಿ ಬ್ಯಾಟರಿ ಬಿಚ್ಚಿ ತಂಪಾದ, ಗಾಳಿಯಾಡುವ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಅಳೆದು, 12.4ಕ್ಕೆ ಬಂದಿದ್ದರೆ ತುಂಬಿಸಿ. ನಾನು ಪ್ರತಿ ಸಲದ ತಾರೀಕು ಮತ್ತು ವೋಲ್ಟೇಜನ್ನು ಬ್ಯಾಟರಿಯ ಪಕ್ಕೆಗೆ ಅಂಟಿಸಿದ ಚೀಟಿಯಲ್ಲೇ ಬರೆಯುತ್ತೇನೆ. ಹಿಂದಿನ ವರ್ಷದ ಇದೇ ತಿಂಗಳಿಗಿಂತ ಬೇಗ ಇಳಿಯತೊಡಗಿದರೆ, ನೀರಿನ ನಡುವೆ ಟಕ್ ಅನ್ನಿಸುವ ಮೊದಲೇ ಆ ಚೀಟಿ ಹೇಳಿಬಿಡುತ್ತದೆ.